ಬೇವಿನಡಿಯ ಎರಡು ಕುರ್ಚಿ

ಆಫ್ರಿಕಾಕ್ಕೆ ಹೋಗಿ ಬಂದವನನ್ನು ನಮ್ಮ ಕಡೆಯ ಜನ ಮೊದಲು ಕೇಳುವುದು ಸಿಂಹದ ವಿಷಯ. ಅದನ್ನು ಇಲ್ಲೇ ಮುಗಿಸಿಬಿಡುತ್ತೇನೆ. ನಾನು ಸಿಂಹ ನೋಡಲಿಲ್ಲ. ಆನೆಯನ್ನೂ ನೋಡಲಿಲ್ಲ. ತಾಂಜಾನಿಯಾದಲ್ಲಿ ನಾನು ಕಣ್ತುಂಬ ನೋಡಿದ್ದು ಎರಡು ಕುರ್ಚಿ. ಅವುಗಳಲ್ಲಿ ಒಂದರ ಮೇಲೆ ನಾನೇ ಕುಳಿತಿದ್ದೆ. ಕುಳಿತುಕೊಳ್ಳಬಾರದಾಗಿತ್ತು. ಹೀಗಾಗಿ ಇದು ಪ್ರವಾಸದ ಕಥೆಯೂ ಹೌದು, ತಪ್ಪೊಪ್ಪಿಗೆಯೂ ಹೌದು. ಓದುವವರು ಬೇಕಾದ್ದನ್ನು ಆರಿಸಿಕೊಳ್ಳಬಹುದು. ನನಗಂತೂ ಎರಡನ್ನೂ ಬೇರೆ ಮಾಡಲು ಆಗಲಿಲ್ಲ.

ಹಗರಿಬೊಮ್ಮನಹಳ್ಳಿ

ನನ್ನ ಹೆಸರು ಕೊಟ್ರಪ್ಪ. ಎಸ್ಸೆಸ್ಸೆಲ್ಸಿ ಪಾಸಾದವನು. ಹಗರಿಬೊಮ್ಮನಹಳ್ಳಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟಿದ್ದೆ. ಈಗ ಅದನ್ನು ಮಗಳು ನೋಡಿಕೊಳ್ಳುತ್ತಾಳೆ, ಅಳಿಯ ಅವಳನ್ನು ನೋಡಿಕೊಂಡು ಕೂರುತ್ತಾನೆ. ಅಂಗಡಿಯ ಎದುರಿಗೇ ದಾದಾಪೀರನ ಶೆಡ್ಡು. ಅವನು ನನಗಿಂತ ಚಿಕ್ಕವನು, ನನ್ನನ್ನು ‘ಕೊಟ್ರಣ್ಣ’ ಎಂದು ಬಹುವಚನದಲ್ಲೇ ಕರೆಯುತ್ತಾನೆ, ಆ ಬಹುವಚನದಲ್ಲೇ ಬೈಯುತ್ತಾನೆ ಕೂಡ.

ದಾದಾಪೀರ್ ಶೇಂಗಾ ಸುಲಿಯುವ ಒಂದು ಕೈಯಂತ್ರ ಮಾಡಿದ್ದ. ಮೇಲಿನ ಬಾಯಿಗೆ ಶೇಂಗಾ ಸುರಿದು ಹಿಡಿಕೆ ತಿರುಗಿಸಿದರೆ ಕೆಳಗೆ ಕಾಳು ಉದುರುತ್ತದೆ. ಹೊಟ್ಟನ್ನು ಮೊರದಲ್ಲಿ ಕೇರಿಕೊಂಡರಾಯಿತು. ಒಳ್ಳೆಯ ಯಂತ್ರ. ಅದಕ್ಕಿದ್ದದ್ದು ಒಂದೇ ದೋಷ, ಅದು ಯಾರಿಗೂ ಬೇಡವಾಗಿತ್ತು. ದೊಡ್ಡ ಊರುಗಳಿಂದ ಮೋಟಾರಿನ ಯಂತ್ರಗಳು ಬಂದುಬಿಟ್ಟಿದ್ದವು. ಕೂಡ್ಲಿಗಿ ಕಡೆಯ ರೈತನೊಬ್ಬ ಅದನ್ನು ನಾಲ್ಕು ಸುತ್ತು ತಿರುಗಿಸಿ ಹೇಳಿದ: “ಇದನ್ನ ತಿರುವೂದ್ಕಿಂತ ನಮ್ಮತ್ತಿ ಬಾಯಿ ಮುಚ್ಚಸೂದು ಸಸಾರ ಬಿಡ್ರಿ.”

ದಾದಾಪೀರ್ ನಕ್ಕ. ಆದರೆ ಆ ಸಂಜೆ ನನ್ನ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಹೇಳಿದ: “ಶೆಡ್ಡು ಮುಚ್ಚತೀನ್ರಿ ಕೊಟ್ರಣ್ಣ. ಹರಪನಹಳ್ಳಿಯಾಗ ನಮ್ಮ ಭಾವಂದು ಗ್ಯಾರೇಜ್ ಐತಿ. ಬಾ, ಪಂಚರ್ ಹಾಕು ಅಂತಾನ. ಅವನ ಕೈಯಾಗ ಪಂಚರ್ ಹಾಕೂದ್ಕಿಂತ ನಾನ ಪಂಚರ್ ಆಗೂದು ಚಲೋ.”

ಹೀಗಿರುವಾಗ ಜಯಂತಿಭಾಯಿ ಬಂದರು. ಅವರು ದಾರ್ ಎಸ್ ಸಲಾಮಿನಲ್ಲಿ ಹುಟ್ಟಿ ಬೆಳೆದ ಗುಜರಾತಿ ವ್ಯಾಪಾರಿ. ಬಳ್ಳಾರಿಯ ಬೀಗರ ಮನೆಗೆ ಬಂದವರು ಎಣ್ಣೆ ಗಿರಣಿ ನೋಡುತ್ತ ನಮ್ಮ ಕಡೆ ಹಾಯ್ದರು, ಯಂತ್ರ ಕಂಡರು, ಹಿಡಿಕೆ ಬಿಡಲೇ ಇಲ್ಲ. ಅವರ ದೇಶದ ಒಳನಾಡಿನ ಹಳ್ಳಿಗಳಲ್ಲಿ ಕರೆಂಟಿಲ್ಲ, ಹೆಂಗಸರು ಶೇಂಗಾವನ್ನು ಬೆರಳಲ್ಲೇ ಸುಲಿಯುತ್ತಾರೆ. “ಒಂದು ಹಳ್ಳಿಯ ಹೆಂಗಸರು ಒಪ್ಪಿಬಿಟ್ಟರೆ ಉಳಿದ ಹಳ್ಳಿಗಳಿಗೂ ನಾನೇ ತರಿಸುತ್ತೇನೆ. ತಂದು ತೋರಿಸಿ” ಎಂದರು.

ದಾದಾಪೀರ್ ನನ್ನನ್ನೂ ಎಳೆದ. ನನಗೆ ಇಂಗ್ಲಿಷ್ ಬರುತ್ತದೆ ಎಂಬುದು ಅವನ ನಂಬಿಕೆ. ನನ್ನ ಇಂಗ್ಲಿಷ್ ಗೊಬ್ಬರದ ಚೀಲದ ಮೇಲೆ ಎಷ್ಟಿರುತ್ತದೋ ಅಷ್ಟು.

ಇನ್ನೊಂದು ವಿಷಯ ಇಲ್ಲೇ ಹೇಳಬೇಕು. ಸ್ವಾತಂತ್ರ್ಯದ ಸುವರ್ಣೋತ್ಸವದ ದಿನ ನಾನು ಧ್ವಜಾರೋಹಣ ನೋಡಲು ಮೈದಾನಕ್ಕೆ ಹೋಗಿದ್ದೆ. ಬಿಸಿಲೆಂದು ಬಿಳಿ ಟೋಪಿ ಹಾಕಿದ್ದೆ. ಸನ್ಮಾನಕ್ಕೆ ತಂದ ಶಾಲುಗಳು ಹೆಚ್ಚಾಗಿದ್ದವು, ಹೋರಾಟಗಾರರು ಕಡಿಮೆ ಬಿದ್ದಿದ್ದರು. ಯಾರೋ ಒಬ್ಬರು ನನ್ನ ಟೋಪಿಯನ್ನೂ ನರೆಗೂದಲನ್ನೂ ನೋಡಿ, “ಅಜ್ಜಾರ, ಇಲ್ಲಿ ಯಾಕ ನಿಂತೀರಿ, ನಿಮ್ಮ ಕುರ್ಚಿ ಅಲ್ಲೈತಿ ಬರ್ರಿ” ಎಂದು ಕೈ ಹಿಡಿದು ಕರೆದೊಯ್ದು ಮುಂದಿನ ಸಾಲಿನಲ್ಲಿ ಕೂರಿಸಿದರು. ನಾನು ಬೇಡ ಎನ್ನಬೇಕಿತ್ತು. ಕುರ್ಚಿ ನೆರಳಿನಲ್ಲಿತ್ತು. ಅಲ್ಲಿಂದ ಪ್ರತಿ ಆಗಸ್ಟಿನಲ್ಲೂ ಆ ಕುರ್ಚಿ, ಜೊತೆಗೊಂದು ಶಾಲು ನನ್ನದೇ ಎಂದಾಯಿತು.

ನಿಜ ಹೇಳಬೇಕೆಂದರೆ, ದೇಶಕ್ಕೆ ಸ್ವಾತಂತ್ರ್ಯ ಬಂದ ದಿನ ನಾನು ಚಡ್ಡಿ ಹಾಕಿದ ಹುಡುಗ. ನಮ್ಮ ಹಳ್ಳಿಯಲ್ಲಿ ಬಾವುಟದ ಬೊಂಬಿಗೆ ತೋಡಿದ ಗುಂಡಿ ಸಡಿಲಾಗಿ ಅದು ಅಲ್ಲಾಡುತ್ತಿತ್ತು. ಮೇಷ್ಟರು ನನ್ನ ಕಿವಿ ಹಿಡಿದು, “ಇದನ್ನ ಅವುಚ್ಕೊಂಡು ನಿಂದ್ರು, ಬಿಟ್ಟೀ ಅಂದ್ರ ನೋಡು” ಎಂದರು. ಎಲ್ಲರೂ ಬೆಲ್ಲ, ಪುಟಾಣಿ ತಿಂದು ಮನೆಗೆ ಹೋದರು. ನಾನು ಬೊಂಬು ಅವುಚಿಕೊಂಡು ನಿಂತಿದ್ದೆ. ದೇಶಕ್ಕಾಗಿ ನಾನು ಮಾಡಿದ್ದು ಇಷ್ಟೇ, ಅದೂ ಕಿವಿ ಹಿಡಿಸಿಕೊಂಡು.

ದಾರ್ ಎಸ್ ಸಲಾಮಿನ ವಿಮಾನ ನಿಲ್ದಾಣ

ಯಂತ್ರವನ್ನು ಬಿಚ್ಚಿ, ಭಾಗಭಾಗವಾಗಿ ಕರಿ ಕಂಬಳಿಯಲ್ಲಿ ಸುತ್ತಿ, ಮೇಲೆ ಗೋಣಿಚೀಲ ಹೊಲಿದಿದ್ದೆವು. ಅದರ ನಾಲ್ಕು ಕಾಲಿನ ಕಬ್ಬಿಣದ ಸ್ಟ್ಯಾಂಡು ಬೇರೆ ಗಂಟು. ಇಳಿದ ಮೇಲೆ ನೋಡಿದರೆ ಯಂತ್ರ ಬಂದಿತ್ತು, ಸ್ಟ್ಯಾಂಡು ಬಂದಿರಲಿಲ್ಲ. ಅದು ನಮ್ಮನ್ನು ಬಿಟ್ಟು ಬೇರೆ ಯಾವುದೋ ದೇಶ ನೋಡಲು ಹೋಗಿತ್ತು. ಇಂದಿನವರೆಗೂ ಹಿಂದಿರುಗಿಲ್ಲ.

“ಕಾಲಿಲ್ಲದ ಮಿಷನ್ ತಂದಂಗಾತಲ್ರಿ” ಎಂದು ದಾದಾಪೀರ್ ತಲೆಯ ಮೇಲೆ ಕೈ ಹೊತ್ತ. ಯಂತ್ರವನ್ನು ನೆಲದ ಮೇಲಿಟ್ಟರೆ ಹಿಡಿಕೆ ಮಣ್ಣಿಗೆ ಬಡಿಯುತ್ತದೆ, ಕಾಳು ಬೀಳಲು ಕೆಳಗೆ ಜಾಗವೂ ಇರುವುದಿಲ್ಲ.

ಅಷ್ಟರಲ್ಲಿ ಸುಂಕದ ಅಧಿಕಾರಿ ಗಂಟನ್ನು ಬಿಚ್ಚಿಸಿದ. ಹಲ್ಲುಹಲ್ಲಿನ ಕಬ್ಬಿಣದ ಉರುಳೆ, ಉದ್ದನೆಯ ಹಿಡಿಕೆ, ಸುತ್ತ ಕಂಬಳಿಯ ಕರಿ ಕೂದಲು. ಯಾವುದೋ ಪ್ರಾಣಿಯನ್ನು ಕೊಂದು ತಂದಂತೆ ಕಾಣುತ್ತಿತ್ತು. ಅವನು ಏನಿದು ಎಂದು ಕೇಳಿದ. ‘ಗ್ರೌಂಡ್‌ನಟ್’ ಎಂಬ ಪದ ನನಗೆ ಗೊತ್ತಿತ್ತು. ಸುಲಿಯುವುದಕ್ಕೆ ಏನನ್ನಬೇಕೋ ತಿಳಿಯಲಿಲ್ಲ. ಕೈಯಿಂದ ಸುಲಿದು ತೋರಿಸಿದೆ, ಕತ್ತು ಹಿಸುಕುವ ಹಾಗೆ ಕಂಡಿರಬೇಕು. ಅವನು ಇನ್ನೊಬ್ಬನನ್ನು ಕರೆದ. ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು: “ಐ ಫ್ರೀಡಂ ಫೈಟರ್!”

ಅಧಿಕಾರಿ ನನ್ನ ಟೋಪಿ ನೋಡಿದ. ನನ್ನ ಮುಖ ನೋಡಿದ. ಎದ್ದು ನಿಂತ. ಎರಡೂ ಕೈಯಿಂದ ನನ್ನ ಕೈ ಹಿಡಿದು “ಶಿಕಾಮೂ” ಎಂದ. ಅದು ಅಲ್ಲಿ ಹಿರಿಯರಿಗೆ ಹೇಳುವ ನಮಸ್ಕಾರ, ಪಾದ ಹಿಡಿಯುತ್ತೇನೆ ಎಂಬಂಥ ಭಾವದ್ದು ಎಂದು ಆಮೇಲೆ ತಿಳಿಯಿತು. ಸಾಲನ್ನು ಸರಿಸಿ ನಮ್ಮನ್ನು ಹೊರಗೆ ಬಿಟ್ಟ. ಅವನ ಜೊತೆಯವನು ಗಂಟನ್ನೂ ಹೊತ್ತು ತಂದ.

ಹೊರಗೆ ಬಂದ ಮೇಲೆ ದಾದಾಪೀರ್ ಏನೂ ಗೊತ್ತಿಲ್ಲದವನಂತೆ ಕೇಳಿದ: “ಯಾವಾಗ್ರಿ ಹೋರಾಡಿದ್ದು? ನನಗ ಹೇಳಲೇ ಇಲ್ಲ?”

“ಸುಮ್ನಿರಲೇ. ಕೆಲಸ ಆತೋ ಇಲ್ಲೋ?”

“ಆತು ಬಿಡ್ರಿ. ಆದ್ರ ಸುಳ್ಳಿಗೂ ಸ್ಟ್ಯಾಂಡ್ ಇರಲ್ಲ ನೋಡ್ರಿ, ನಾವ ಹಿಡ್ಕೊಂಡು ನಿಂದ್ರಬೇಕು.”

ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಜಯಂತಿಭಾಯಿಯವರ ಉಪ್ಪರಿಗೆ

ಜಯಂತಿಭಾಯಿ ನಮ್ಮನ್ನು ತಮ್ಮ ಮನೆಯಲ್ಲೇ ಇಳಿಸಿಕೊಂಡರು. ಹಳೆಯ ಕಟ್ಟಡ, ಕೆಳಗೆ ಅಂಗಡಿ, ಮೇಲೆ ಮನೆ. ಬಾಲ್ಕನಿಯಲ್ಲಿ ಕುಳಿತರೆ ಒಂದು ಪಕ್ಕ ಸಮುದ್ರದ ಗಾಳಿ, ಇನ್ನೊಂದು ಪಕ್ಕ ಅವರ ಹೆಂಡತಿ ಕಡಲೆಹಿಟ್ಟಿನಲ್ಲಿ ಕರಿದ ಗಾಂಠಿಯಾ. ಅವರ ಹಿಂದಿಯನ್ನು ದಾದಾಪೀರ್ ತನ್ನ ಮನೆಯ ಉರ್ದುವಿನ ಬಲದಿಂದ ಹಿಡಿದು ನನಗೆ ಕನ್ನಡದಲ್ಲಿ ದಾಟಿಸುತ್ತಿದ್ದ.

ಆ ದೇಶಕ್ಕೆ ಸ್ವಾತಂತ್ರ್ಯ ಗುಂಡು ಹಾರದೆ ಬಂತಂತೆ. ಸಭೆ, ಮನವಿ, ಮತ್ತೆ ಸಭೆ. ಮೊದಲ ನಾಯಕರು ಮೇಷ್ಟರಾಗಿದ್ದವರು; ಬ್ರಿಟಿಷರು ಕೈ ಕುಲುಕಿ ಹೊರಟರು. ಸಭೆಯಿಂದ ಬಂದ ಸ್ವಾತಂತ್ರ್ಯ, ಹಾಗಾಗಿ ಮುಂದೆ ಎಲ್ಲವೂ ಸಭೆಯಿಂದಲೇ ಆಗಬೇಕು ಎಂದಾಯಿತು. ಗಿರಣಿ ಸರ್ಕಾರದ್ದು, ತೋಟ ಸರ್ಕಾರದ್ದು, ಅಂಗಡಿ ಸಂಘದ್ದು. ಜಯಂತಿಭಾಯಿಯವರ ಅಂಗಡಿಯೂ ಹೋಯಿತು.

“ಆಮ್ಯಾಲೆ ಒಂದಿನ” ಎಂದು ದಾದಾಪೀರ್ ನಗು ತಡೆದುಕೊಂಡು ದಾಟಿಸಿದ, “ಸೋಪು ಬಂದೈತಿ ಅಂತ ಸುದ್ದಿ ಆತಂತ್ರಿ. ಇವರು ಓಡಿ ಹೋಗಿ ಸಾಲಿನಾಗ ನಿಂತ್ರಂತ. ಮುಂದ ನೋಡ್ತಾರ, ಇವರದ ಅಂಗಡಿ! ತಮ್ಮ ಅಂಗಡಿ ಮುಂದ ತಾವ ಪಾಳಿ ಹಚ್ಚಿ, ಇವರ ಪಾಳಿ ಬರೂದ್ರಾಗ ಸೋಪ್ ಖಾಲಿ ಆತಂತ.”

ಜಯಂತಿಭಾಯಿಯೇ ಎಲ್ಲರಿಗಿಂತ ಜೋರಾಗಿ ನಕ್ಕರು. ಈಗ ಅಂಗಡಿ ಅವರಿಗೆ ಮರಳಿ ಬಂದಿದೆ. ಸೋಪು ಧಾರಾಳವಾಗಿ ಸಿಗುತ್ತದೆ, ಕೊಳ್ಳುವವರು ಮಾತ್ರ ಚೌಕಾಸಿ ಮಾಡುತ್ತಾರೆ ಎಂದರು. ಆಮೇಲೆ ನಗು ಇಳಿಸಿ ಹೇಳಿದರು: ದಕ್ಷಿಣದ ಗಡಿಯಾಚೆ ಮೊಜಾಂಬಿಕ್ ಇದೆ. ಅಲ್ಲಿ ಸ್ವಾತಂತ್ರ್ಯ ಬಂದೂಕಿನಿಂದ ಬಂತು. ಬಂದ ಮೇಲೆ ಬಂದೂಕುಗಳು ಮನೆಗೆ ಹೋಗಲಿಲ್ಲ, ಒಂದರ ಮುಖ ಇನ್ನೊಂದು ನೋಡಿಕೊಂಡವು. ಅಲ್ಲಿರುವ ಅವರ ಸೋದರಳಿಯನ ಗೋಡಂಬಿ ಕಾರ್ಖಾನೆಯ ಗೋಡೆ ಗುಂಡು ತಗುಲಿ ಜಾಲರಿಯ ಹಾಗಿದೆ. “ನನ್ನ ಅಂಗಡಿ ಸಭೆಯಲ್ಲಿ ಹೋಯಿತು, ಸಭೆಯಲ್ಲಿ ಬಂತು. ಅವನದು ಹೋದದ್ದು ಹೋಯಿತು.”

ನಾನು ಅಲ್ಲೇ ಒಂದು ಸಿದ್ಧಾಂತ ಕಟ್ಟಿದೆ. ಯಾವ ದೇಶ ಹೇಗೆ ಸ್ವಾತಂತ್ರ್ಯ ಪಡೆಯಿತೋ ಅದೇ ಚಾಳಿ ಅದರ ಅಂಗಡಿಗೂ ಹೊಲಕ್ಕೂ ಅಂಟುತ್ತದೆ. ಅವರು ಸಭೆ ಸೇರಿ ಪಡೆದರು, ಸೋಪಿಗೂ ಸಭೆ ಸೇರಿದರು. ನಾವು ಧರಣಿ ಕುಳಿತು ಪಡೆದೆವು, ಆಮೇಲೆ ಲೈಸೆನ್ಸಿಗೂ ಪರ್ಮಿಟ್ಟಿಗೂ ಕಚೇರಿ ಮುಂದೆ ಕುಳಿತೇ ಇದ್ದೆವು.

“ಅದಕ್ಕ ಏನ್ರಿ ನೀವು ಕುರ್ಚಿ ಬಿಡಂಗಿಲ್ಲ?” ಎಂದ ದಾದಾಪೀರ್.

ನಾನು ಮಾತು ಬದಲಿಸುವ ಮೊದಲೇ ಜಯಂತಿಭಾಯಿ, ‘ಯಾವ ಕುರ್ಚಿ?’ ಎಂದು ಕೇಳಿದರು. ದಾದಾಪೀರ್ ಮೈದಾನದ ಕುರ್ಚಿಯ ಕಥೆಯನ್ನೂ ವಿಮಾನ ನಿಲ್ದಾಣದ ಕಥೆಯನ್ನೂ ತಮಾಷೆಗೆಂದು ಹೇಳಿದ. ಆದರೆ ಕೊನೆಗೆ ನನ್ನ ಮರ್ಯಾದೆ ಉಳಿಸಲು ಅದು ಸುಳ್ಳೆಂಬುದನ್ನು ಬಿಟ್ಟುಬಿಟ್ಟ. ಜಯಂತಿಭಾಯಿ ಎದ್ದು ನನ್ನ ಕಾಲು ಮುಟ್ಟಿದರು. “ಮೊದಲೇ ಹೇಳಬಾರದೇ? ವ್ಯಾಪಾರಿ ಬರುತ್ತಾನೆ ಎಂದರೆ ನಾವು ಹೋಗುವ ಹಳ್ಳಿಯಲ್ಲಿ ನಾಲ್ಕು ಜನ ಸೇರುತ್ತಾರೆ. ಹೋರಾಟಗಾರರು ಬರುತ್ತಾರೆ ಎಂದರೆ ಸುತ್ತಲಿನ ಹಳ್ಳಿಗಳೂ ಬರುತ್ತವೆ!” ಎಂದು ಅಲ್ಲಿಗೆ ಸುದ್ದಿ ಕಳಿಸಿಯೇಬಿಟ್ಟರು.

ಆಗ ನಿಜ ಹೇಳಬಹುದಿತ್ತು. ಬಾಯಲ್ಲಿ ಗಾಂಠಿಯಾ ಇತ್ತು. ಅದು ಕರಗುವವರೆಗೆ ಕಾದೆ. ಅಷ್ಟರಲ್ಲಿ ಇನ್ನೊಂದು ತಟ್ಟೆ ಬಂತು.

ದೊಡೊಮಾದ ದಾರಿ

ಜಯಂತಿಭಾಯಿಯವರ ಪಿಕಪ್ಪಿನಲ್ಲಿ ದೊಡೊಮಾ ಕಡೆ ಹೊರಟೆವು. ಕಡಲತೀರದ ಹಸಿರು ಮುಗಿದ ಮೇಲೆ ನನಗೆ ಕಣ್ಣುಜ್ಜಿಕೊಳ್ಳುವ ಹಾಗಾಯಿತು. ಕೆಂಪು ಮಣ್ಣು, ಮುಳ್ಳುಕಂಟಿ, ಒಂದರ ಮೇಲೊಂದು ಕೂರಿಸಿದಂಥ ಬಂಡೆಗಳು, ಡುಬ್ಬವಿರುವ ದನ, ಗಡ್ಡದ ಮೇಕೆ. ಕೂಡ್ಲಿಗಿ ಸೀಮೆಯನ್ನೇ ಯಾರೋ ಕತ್ತರಿಸಿ ತಂದು ಇಲ್ಲಿ ಅಂಟಿಸಿದ್ದರು. ಬೇವಿನ ಮರವೂ ಇತ್ತು! ನಾನು ಗಾಡಿ ನಿಲ್ಲಿಸಿ ಒಂದು ಕಡ್ಡಿ ಮುರಿದು ಹಲ್ಲುಜ್ಜಿದೆ. ಅದೇ ಕಹಿ. ಬಾವೊಬಾಬ್ ಎಂಬ ಮರ ಮಾತ್ರ ಬೇರೆ. ಊಟ ಹೆಚ್ಚಾಗಿ ಪಂಚೆ ಸಡಿಲಿಸಿ ನಿಂತ ಬೀಗರ ಹಾಗೆ ಅದರ ಹೊಟ್ಟೆ.

ದಾರಿಯ ಹೋಟೆಲಿನಲ್ಲಿ ಉಗಾಲಿ ಕೊಟ್ಟರು. ಮೆಕ್ಕೆಜೋಳದ ಬಿಳಿ ಮುದ್ದೆ, ಜೊತೆಗೆ ಕಾಳಿನ ಸಾರು. ನಮ್ಮೂರಿನಲ್ಲಿ ಮೆಕ್ಕೆಜೋಳವನ್ನು ಕೋಳಿಗಳಿಗೆಂದು ಲಾರಿ ತುಂಬಿ ಕಳಿಸುತ್ತೇವೆ. ಎರಡು ಮುದ್ದೆ ಉಂಡ ಮೇಲೆ ನಮ್ಮ ಕೋಳಿಗಳ ಬಗ್ಗೆ ನನಗೆ ಗೌರವ ಬಂತು.

ಆ ಸೀಮೆಯಲ್ಲೇ ಬ್ರಿಟಿಷರು ಒಮ್ಮೆ ಶೇಂಗಾ ಬೆಳೆಯಲು ಹೋಗಿದ್ದರು ಎಂದು ಜಯಂತಿಭಾಯಿ ಕೈ ತೋರಿಸಿ ಹೇಳಿದರು. ಎರಡನೆಯ ಮಹಾಯುದ್ಧ ಮುಗಿದ ಹೊಸತು, ಅವರ ದೇಶದಲ್ಲಿ ಎಣ್ಣೆಗೆ ಬರ. ದೊಡ್ಡ ದೊಡ್ಡ ಟ್ರ್ಯಾಕ್ಟರು ತಂದು ಕಾಡು ಕಡಿದರು. ಬೇಸಿಗೆಯಲ್ಲಿ ಆ ಮಣ್ಣು ಸುಟ್ಟ ಇಟ್ಟಿಗೆಯಾಯಿತು; ನೇಗಿಲು ಮುರಿದವು, ನೆಲದೊಳಗಿನ ಶೇಂಗಾ ನೆಲದೊಳಗೇ ಉಳಿಯಿತು. ಬಿತ್ತಿದ ಬೀಜದಷ್ಟೂ ಫಸಲು ಬರಲಿಲ್ಲ ಎಂದು ಜನ ಈಗಲೂ ನಗುತ್ತಾರಂತೆ.

ದಾದಾಪೀರ್ ಹೇಳಿದ: “ಹಂಗಾರ ಕೊಟ್ರಣ್ಣ, ಇವರಿಗೆ ಸ್ವಾತಂತ್ರ್ಯ ಕೊಡಸಿದ್ದು ಶೇಂಗಾನ. ಅದು ಒಳಗ ಕುಂತು ಅಸಹಕಾರ ಮಾಡೈತಿ.”

ಇಡೀ ಪ್ರವಾಸದಲ್ಲಿ ನಾನು ಕೇಳಿದ ಅತ್ಯುತ್ತಮ ಇತಿಹಾಸ ಪಾಠ ಇದೇ. ನನ್ನ ಸಿದ್ಧಾಂತಕ್ಕಿಂತ ಗಟ್ಟಿಯಾಗಿತ್ತು ಎಂದು ಆಗಲೇ ಅನ್ನಿಸಿದ್ದರೂ ಒಪ್ಪಿಕೊಳ್ಳಲಿಲ್ಲ.

ಬೇವಿನಡಿ

ಹಳ್ಳಿ ತಲುಪಿದಾಗ ದೊಡ್ಡ ಬೇವಿನ ಮರದ ಕೆಳಗೆ ಜಾತ್ರೆಯಷ್ಟು ಜನ. ಹೆಂಗಸರು ಬುಟ್ಟಿಗಳಲ್ಲಿ ಶೇಂಗಾ ತುಂಬಿಕೊಂಡು ಮೂರ್ನಾಲ್ಕು ಹಳ್ಳಿಗಳಿಂದ ನಡೆದು ಬಂದಿದ್ದರು. ಅವರ ಮುಂದಾಳು ಮಾಮಾ ನೀಮಾ, ಗಟ್ಟಿ ಹೆಂಗಸು; ಅಲ್ಲಿ ಮಾಮಾ ಎಂದರೆ ಅಮ್ಮ. ಅವಳ ಹೆಬ್ಬೆರಳಿನ ಉಗುರು ಶೇಂಗಾ ಸುಲಿದು ಸುಲಿದು ಕಪ್ಪಾಗಿ ಸೀಳಿಹೋಗಿತ್ತು. ಯಂತ್ರ ಬೇಕೋ ಬೇಡವೋ ಎಂದು ಹೇಳಬೇಕಾದವಳು ಅವಳೇ. ಅವಳು ಹೂಂ ಎಂದರೆ ದಾದಾಪೀರನ ಶೆಡ್ಡು ಉಳಿಯುತ್ತದೆ, ಊಹೂಂ ಎಂದರೆ ಹರಪನಹಳ್ಳಿ ಭಾವನ ಗ್ಯಾರೇಜು.

ಮರದ ಬುಡದಲ್ಲಿ ಎರಡು ಕುರ್ಚಿ. ಗಟ್ಟಿ ಮರದವು, ಕೈಗಳುಳ್ಳವು, ಇಡೀ ಊರಿಗೆ ಅವೆರಡೇ. ಉಳಿದವರೆಲ್ಲ ನೆಲದ ಮೇಲೆ, ಇಲ್ಲವೇ ಗೇಣುದ್ದದ ಮಣೆಗಳ ಮೇಲೆ. ಒಂದು ಕುರ್ಚಿಯಲ್ಲಿ ಮ್ಝೆ ಯೋನಾ ಕುಳಿತಿದ್ದರು. ಮ್ಝೆ ಎಂದರೆ ಹಿರಿಯ. ಅವರು ಆ ಊರಿನ ಸ್ವಾತಂತ್ರ್ಯ ಹೋರಾಟಗಾರರು. ನಮ್ಮ ಹಗರಿಬೊಮ್ಮನಹಳ್ಳಿಯ ಬಿಸಿಲಿನಲ್ಲಿ ಒಣಗಿಸಿದಂಥ ಮುಖ, ಹಲ್ಲು ಒಂದೂ ಇಲ್ಲ. ಇನ್ನೊಂದು ಕುರ್ಚಿ ನನಗೆ.

ನನ್ನನ್ನು ಕೂರಿಸಿದರು. ಹಾಡಾಯಿತು. ಸ್ವಾಗತವಾಯಿತು. ಅಲ್ಲಿ ಕುಶಲ ಕೇಳುವುದೆಂದರೆ ಮನೆ ಹೇಗಿದೆ, ಕೆಲಸ ಹೇಗಿದೆ, ದಾರಿ ಹೇಗಿತ್ತು, ದನ ಹೇಗಿವೆ ಎಂದು ಒಂದೊಂದಾಗಿ. ಎಲ್ಲದಕ್ಕೂ ಚೆನ್ನಾಗಿದೆ ಎನ್ನಬೇಕು. ನಮ್ಮಲ್ಲಿ ‘ಊಟ ಆತೇನ್ರಿ’ ಎಂಬ ಒಂದೇ ಪ್ರಶ್ನೆಯಲ್ಲಿ ಇದೆಲ್ಲ ಮುಗಿಯುತ್ತದೆ. ಆಮೇಲೆ ನನ್ನನ್ನು ಹೋರಾಟದ ಬಗ್ಗೆ ಮಾತಾಡಲು ಕೇಳಿದರು.

ನಾನು ಕನ್ನಡದಲ್ಲಿ ಹೇಳಬೇಕು, ದಾದಾಪೀರ್ ಹಿಂದಿಗೆ ತರಬೇಕು, ಜಯಂತಿಭಾಯಿ ಸ್ವಾಹಿಲಿಗೆ. ಮೊದಮೊದಲು ಹೆದರಿಕೆಯಿತ್ತು. ಎಲ್ಲರೂ ಬಾಯಿ ತೆರೆದು ಕೇಳುತ್ತಿದ್ದುದನ್ನು ನೋಡಿ ಧೈರ್ಯ ಬಂತು. ಅಲ್ಲಾಡುವ ಬೊಂಬನ್ನು ಹಿಡಿದದ್ದು ಹೇಳಿದೆ. ಹೇಳುತ್ತ ಹೇಳುತ್ತ ಬೊಂಬು ಅಲ್ಲಾಡಿದ್ದು ಬ್ರಿಟಿಷರ ಕುದುರೆಗಳಿಂದ ಎಂದಾಯಿತು. ಕಿವಿ ಹಿಡಿದ ಮೇಷ್ಟರು ಪೊಲೀಸ್ ಸಾಹೇಬರಾದರು. ಬೆಲ್ಲ, ಪುಟಾಣಿ ಸಿಗದಿದ್ದದ್ದು ಉಪವಾಸ ಸತ್ಯಾಗ್ರಹವಾಯಿತು. ಇಷ್ಟುದ್ದ ಹೇಳಿ ನಿಲ್ಲಿಸಿದರೆ ದಾದಾಪೀರ್ ಹಿಂದಿಯಲ್ಲಿ ನಾಲ್ಕು ಪದ ಹೇಳಿ ಸುಮ್ಮನಾದ.

“ಅಷ್ಟೇನಲೇ?”

“ಅಷ್ಟ ಸಾಕ್ರಿ. ಉಳದಿದ್ದು ಎಲ್ಲಾ ಸುಳ್ಳು.”

ಜನ ಆ ನಾಲ್ಕು ಪದಕ್ಕೇ ಚಪ್ಪಾಳೆ ತಟ್ಟಿದರು. ಮ್ಝೆ ಯೋನಾ ಮಾತ್ರ ತಟ್ಟದೆ, ನನ್ನನ್ನು ಓರೆಗಣ್ಣಿನಿಂದ ನೋಡುತ್ತಿದ್ದರು.

ಹಾಡು, ಸ್ವಾಗತದ ನಡುವೆಯೇ ದಾದಾಪೀರ್ ಯಂತ್ರವನ್ನು ಜೋಡಿಸಿ ನೆಲದ ಮೇಲಿಟ್ಟಿದ್ದ. ಅದನ್ನು ಎತ್ತರದಲ್ಲಿ ನಿಲ್ಲಿಸಲು ಏನಾದರೂ ಬೇಕಿತ್ತು. ಊರಿನ ಕಚೇರಿಯಲ್ಲಿ ಒಂದು ಮೇಜಿದೆ, ಬೀಗ ಹಾಕಿದೆ, ಬೀಗದ ಕೈ ಇದ್ದವನು ದೊಡೊಮಾಕ್ಕೆ ಸಭೆಗೆ ಹೋಗಿದ್ದಾನೆ ಎಂದರು. ಅದನ್ನು ಕೇಳಿ ನನಗೆ ಊರಿನಲ್ಲೇ ಇದ್ದ ಹಾಗೆ ಹಾಯೆನಿಸಿತು. ದಾದಾಪೀರ್ ಮರದ ಸುತ್ತ ಒಂದು ಸುತ್ತು ಹಾಕಿದ. ಅವನ ಕಣ್ಣು ಕುರ್ಚಿಗಳ ಮೇಲೆ ಬಿತ್ತು. ಬಂದು ನನ್ನ ಕಿವಿಯಲ್ಲಿ ಹೇಳಿದ:

“ಕೊಟ್ರಣ್ಣ, ಈ ಎರಡು ಕುರ್ಚಿ ಎದುರುಬದರು ಇಟ್ಟು ನಡುವ ಸಂದು ಬಿಟ್ರ, ಮ್ಯಾಲೆ ಮಿಷನ್ ಕಟ್ಟಬೌದು. ಕಾಳು ಸಂದಿನಾಗ ಬುಟ್ಟಿಗೆ ಬೀಳ್ತಾವ. ಏಳ್ರಿ ಸ್ವಲ್ಪ.”

“ಹೆಂಗ ಏಳ್ಲೋ? ಸನ್ಮಾನ ನಡದೈತಿ. ನಾ ಎದ್ರೂ ಆ ಅಜ್ಜನ್ನ ಯಾರು ಎಬ್ಬಿಸ್ತಾರ?”

ನಿಜವಾಗಿ ಯಾರೂ ಎಬ್ಬಿಸುವಂತಿರಲಿಲ್ಲ. ಸ್ವಾತಂತ್ರ್ಯ ತಂದವರನ್ನು ಕುರ್ಚಿಯಿಂದ ಏಳಿ ಎನ್ನುವುದು ಆ ಊರಿನಲ್ಲಿ ಆಗದ ಮಾತು ಎಂದು ಜಯಂತಿಭಾಯಿಯೂ ತಲೆಯಾಡಿಸಿದರು. ಬಂದವರೆಲ್ಲರ ವಂದನೆ ಮುಗಿದ ಮೇಲೆ ಅವರೇ ಏಳಬೇಕು. ವಂದಿಸಲು ಬಂದವರ ಸಾಲು ಬೇವಿನ ನೆರಳನ್ನು ದಾಟಿ ಬಿಸಿಲಿಗೆ ಹೋಗಿತ್ತು.

ಮಾಮಾ ನೀಮಾ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ಬಂದು ಜಯಂತಿಭಾಯಿಗೆ ಏನೋ ಹೇಳಿದಳು. ಅದು ಹಿಂದಿಯಾಗಿ, ಕನ್ನಡವಾಗಿ ನನ್ನ ಬಳಿ ಬಂತು: “ಆಯಮ್ಮ ಹೇಳ್ತಾಳ, ಕುರ್ಚಿಯವರದು ಮುಗದ್ರ ಕೂಗ್ರಿ, ಬುಟ್ಟಿಯವರು ಕಾಯಾಕತ್ತೀವಿ. ಆದ್ರ ನೀರು ತರಾಕ ಹೋಗಬೇಕು, ಬಾಳೊತ್ತು ಕಾಯಂಗಿಲ್ಲ ಅಂತ.”

ನಾನು ಕತ್ತೆತ್ತಿ ನೋಡಿದೆ. ಬುಟ್ಟಿಗಳು ಒಂದೊಂದಾಗಿ ಏಳುತ್ತಿದ್ದವು. ನನಗೆ ಕೈ ಮುಗಿದು, ನಗುತ್ತ, ಶೇಂಗಾವನ್ನು ತಲೆಯ ಮೇಲೆ ಹೊತ್ತು ಬಂದ ದಾರಿಯಲ್ಲೇ ಹೊರಟಿದ್ದರು. ಕೆಳಗೆ ದಾದಾಪೀರ್ ಯಂತ್ರವನ್ನು ಮತ್ತೆ ಕಂಬಳಿಯಲ್ಲಿ ಸುತ್ತಲು ಶುರುಮಾಡಿದ್ದ. ಅವನು ಬೈದಿದ್ದರೆ ನಾನು ಇನ್ನೂ ಸ್ವಲ್ಪ ಹೊತ್ತು ಕೂರುತ್ತಿದ್ದೆನೋ ಏನೋ. ಅವನು ಬೈಯಲಿಲ್ಲ. ಮಗುವಿಗೆ ಹೊದಿಸುವ ಹಾಗೆ ಕಂಬಳಿಯ ಅಂಚನ್ನು ಒಳಗೆ ಸಿಕ್ಕಿಸುತ್ತಿದ್ದ.

ನನ್ನ ಕೆಳಗಿದ್ದದ್ದು ಬರೀ ಕುರ್ಚಿಯಲ್ಲ, ಅವನ ಯಂತ್ರದ ಕಾಲು ಎಂದು ಆಗ ಹೊಳೆಯಿತು. ಎದ್ದು ನಿಂತೆ.

“ದಾದಾ, ಇದನ್ನ ಹೇಳು. ನಾನು ಹೋರಾಟಗಾರ ಅಲ್ಲ. ಬೊಂಬು ಹಿಡ್ಕೊಂಡಿದ್ದ ಹುಡುಗ. ಹೇಳಿದ್ದು ಎಲ್ಲಾ ಸುಳ್ಳು, ತಪ್ಪಾತು.”

ನನ್ನ ಅಷ್ಟುದ್ದದ ಭಾಷಣಕ್ಕೆ ನಾಲ್ಕು ಪದ ಖರ್ಚು ಮಾಡಿದ್ದ ದಾದಾಪೀರ್ ಈ ಎರಡು ಸಾಲಿಗೆ ಬಾಯಿ ತುಂಬ, ಕೈ ತಿರುಗಿಸಿ, ಹುಡುಗನಂತೆ ಬಗ್ಗಿ, ತನ್ನ ಕಿವಿಯನ್ನು ತಾನೇ ಹಿಂಡಿ, ಬೊಂಬು ಅವುಚಿ ನಿಂತು ಅನುವಾದಿಸಿದ. ನಾನು ಹೇಳದ ಊರಿನ ಶಾಲು, ಕುರ್ಚಿಯ ಕಥೆಯನ್ನೂ ಸೇರಿಸಿದ ಎಂದು ಅನುಮಾನ. ಜಯಂತಿಭಾಯಿ ಮುಖ ಕೆಂಪಗೆ ಮಾಡಿಕೊಂಡು ಅದನ್ನು ಸ್ವಾಹಿಲಿಗೆ ತಂದರು.

ಹೊರಟಿದ್ದ ಬುಟ್ಟಿಗಳು ನಿಂತವು.

ಆಗ ಪಕ್ಕದ ಕುರ್ಚಿ ಕಿರುಗುಟ್ಟಿತು. ಮ್ಝೆ ಯೋನಾ ಅಲುಗುತ್ತಿದ್ದರು. ಸಿಟ್ಟೆಂದುಕೊಂಡೆ. ನೋಡಿದರೆ ಹಲ್ಲಿಲ್ಲದ ಬಾಯಿಂದ ಸದ್ದಿಲ್ಲದ ನಗು, ಕಣ್ಣಲ್ಲಿ ನೀರು. ಅವರು ನನ್ನ ಕೈ ಎಳೆದು ಹಿಡಿದುಕೊಂಡು ಊರಿಗೆಲ್ಲ ಕೇಳುವ ಹಾಗೆ ತಮ್ಮ ಕಥೆ ಹೇಳಿದರು.

ಸ್ವಾತಂತ್ರ್ಯಕ್ಕೆ ಮೊದಲು ಒಬ್ಬ ದೊಡ್ಡ ನಾಯಕರು ಈ ಊರಿಗೆ ಬರುತ್ತಾರೆಂದು ಸುದ್ದಿಯಾಯಿತು. ಅವರಿಗೆಂದು ಪಾದ್ರಿಗಳ ಶಾಲೆಯಿಂದ ಕುರ್ಚಿ ಹೊತ್ತು ತರುವ ಕೆಲಸ ಯೋನಾ ಪಾಲಿಗೆ ಬಂತು. ಬಿಸಿಲಲ್ಲಿ ತಲೆಯ ಮೇಲೆ ಹೊತ್ತು ತಂದರು. ನಾಯಕರ ಕಾರು ಹಳ್ಳದ ಕೆಸರಿನಲ್ಲಿ ಸಿಕ್ಕಿಕೊಂಡು ಅವರು ಬರಲೇ ಇಲ್ಲ. ಯೋನಾ ದಣಿದಿದ್ದರು, ಕುರ್ಚಿ ಖಾಲಿಯಿತ್ತು, ಕುಳಿತರು. ದೂರದ ಹಳ್ಳಿಯ ಜನ ಇವರೇ ನಾಯಕರೆಂದು ಚಪ್ಪಾಳೆ ತಟ್ಟಿದರು.

“ಅಂದು ಕುಳಿತವನು ಏಳಲು ಯಾರೂ ಬಿಡಲಿಲ್ಲ” ಎಂದರು. ಆಮೇಲೆ ಸಂಘಕ್ಕೆ ಅವರೇ ಅಧ್ಯಕ್ಷರು, ಶಾಲೆಗೆ ಅವರೇ, ಬಾವಿಗೂ ಅವರೇ. ಮನೆಗಳನ್ನು ಕಿತ್ತು ರಸ್ತೆ ಬದಿಗೆ ಸಾಲಾಗಿ ಕಟ್ಟಿ ಎಂದು ಸರ್ಕಾರದಿಂದ ಆಜ್ಞೆ ಬಂತು, ಅವರು ಹೂಂ ಎಂದರು. ಸಂಘದ ಹೊಲದಲ್ಲಿ ಇದನ್ನೇ ಬೆಳೆಯಿರಿ ಎಂದರು, ಹೂಂ. ಇನ್ನು ಅದನ್ನು ಬೆಳೆಯಬೇಡಿ ಎಂದರು, ಅದಕ್ಕೂ ಹೂಂ. “ನನಗೆ ಗೊತ್ತಿದ್ದದ್ದು ಕುರ್ಚಿ ಹೊರುವುದು. ಎಲ್ಲರೂ ನನ್ನನ್ನು ಊರು ಹೊರಲು ಕೇಳಿದರು.”

ಇಷ್ಟು ಹೇಳಿ ಆ ಅಜ್ಜ ಎದ್ದರು. ತಾವು ಕುಳಿತಿದ್ದ ಕುರ್ಚಿಯನ್ನು ತಾವೇ ಎತ್ತಿ ತಲೆಯ ಮೇಲಿಟ್ಟುಕೊಂಡು ದಾದಾಪೀರನ ಬಳಿಗೆ ನಡೆದರು. ಹಳೆಯ ಕೈ ಕೆಲಸ ಮರೆತಿರಲಿಲ್ಲ. ನಾನೂ ನನ್ನದನ್ನು ಎತ್ತಿದೆ. ನನಗೆ ಅಭ್ಯಾಸವಿಲ್ಲದೆ ಕುರ್ಚಿಯ ಕಾಲಿಗೆ ಟೋಪಿ ಸಿಕ್ಕಿ ಬಿತ್ತು. ಅದನ್ನು ಒಂದು ಮೇಕೆ ಮೂಸಿ ನೋಡಿ ಬೇಡವೆಂದು ಬಿಟ್ಟಿತು.

ದಾದಾಪೀರ್ ಕುರ್ಚಿಗಳನ್ನು ಎದುರುಬದರು ಇಟ್ಟು, ಕೈಗಳಿಗೆ ಹಗ್ಗ ಸುತ್ತಿ, ಮೇಲೆ ಯಂತ್ರ ಬಿಗಿದ. ಸಂದಿನ ಕೆಳಗೆ ಮಾಮಾ ನೀಮಾ ತನ್ನ ಬುಟ್ಟಿ ಇಟ್ಟಳು. ಅಜ್ಜ ಹಿಡಿಕೆ ಹಿಡಿದರು. ಗಡಗಡಗಡ ಎಂಬ ಸದ್ದಿಗೆ ಊರಿನ ಕೋಳಿಗಳೆಲ್ಲ ಬೇಲಿ ಹಾರಿದವು. ಹೊಟ್ಟು ಹಾರಿ ಜಯಂತಿಭಾಯಿಯವರ ಕನ್ನಡಕದ ಮೇಲೆ ಕುಳಿತಿತು. ಸಂದಿನಿಂದ ಗುಲಾಬಿ ಬಣ್ಣದ ಕಾಳು ಸುರಿಯತೊಡಗಿತು.

ಮಾಮಾ ನೀಮಾ ಒಂದು ಹಿಡಿ ಎತ್ತಿ ಒಡೆದ ಕಾಳು ಎಷ್ಟಿವೆ ಎಂದು ಕೆದಕಿ ನೋಡಿದಳು. ಒಂದನ್ನು ಬಾಯಿಗೆ ಹಾಕಿಕೊಂಡಳು. ದಾದಾಪೀರ್ ಅವಳ ದವಡೆಯನ್ನೇ ನೋಡುತ್ತಿದ್ದ; ಮೈಲಾರದಲ್ಲಿ ಬಿಲ್ಲೇರಿದ ಗೊರವಯ್ಯನ ಬಾಯಿಂದ ವರ್ಷದ ಭವಿಷ್ಯದ ಕಾರ್ಣಿಕ ಬೀಳುವುದನ್ನು ಕಾಯುವಾಗಲೂ ಯಾರ ಮುಖವೂ ಹಾಗಿರುವುದಿಲ್ಲ. ಅವಳು ಅಗಿದು, ನುಂಗಿ, ಹೇಳಿದಳು. ಜಯಂತಿಭಾಯಿ ನಗುತ್ತ ದಾಟಿಸಿದರು:

“ಯಂತ್ರ ಇಲ್ಲೇ ಇರಲಿ. ಕುರ್ಚಿಗಳೂ ಇಲ್ಲೇ ಇರಲಿ.”

ಹೊರಡುವಾಗ ಮ್ಝೆ ಯೋನಾ ಬೇವಿನ ಬುಡಕ್ಕೆ ಒರಗಿ ನೆಲದ ಮೇಲೆ ಕಾಲು ಚಾಚಿ ಕುಳಿತಿದ್ದರು. ಇಷ್ಟು ಸುಖವಾಗಿ ಕುಳಿತು ಬಹಳ ಕಾಲವಾಗಿತ್ತು ಎಂದರು. ಆಮೇಲೆ ನನ್ನ ಕಡೆ ಬೆರಳು ತೋರಿಸಿ ಕೇಳಿದರು: “ನಿಮ್ಮೂರಿನ ಕುರ್ಚಿ?”

ನಾನು ‘ಮರಹಬಾ’ ಎಂದೆ. ಅದು ಶಿಕಾಮೂಗೆ ಕೊಡುವ ಮರುನುಡಿ, ಅವರ ಪ್ರಶ್ನೆಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಮತ್ತೆ ಹಗರಿಬೊಮ್ಮನಹಳ್ಳಿ

ದಾದಾಪೀರನ ಶೆಡ್ಡು ಮುಚ್ಚಲಿಲ್ಲ. ಜಯಂತಿಭಾಯಿ ಮಾತು ಉಳಿಸಿಕೊಂಡರು. ಹರಪನಹಳ್ಳಿಯ ಭಾವ ಈಗ ಇಲ್ಲಿಗೇ ಬಂದು ಬೋಲ್ಟು ಬಿಗಿಯುತ್ತಾನೆ. ದಾದಾಪೀರ್ ಅವನಿಗೆ ದಿನಕ್ಕೆ ಒಮ್ಮೆಯಾದರೂ ಪಂಚರಿನ ನೆನಪು ಮಾಡಿಕೊಡುತ್ತಾನೆ. ಯಂತ್ರಗಳು ಸ್ಟ್ಯಾಂಡಿಲ್ಲದೆ ಹೋಗುತ್ತವೆ. ಊರಿನವರು ಅದಕ್ಕೆ ಎರಡು ಕುರ್ಚಿ ಹುಡುಕಿಕೊಂಡರೆ ಸಾಕು ಎಂಬುದು ಮಾಮಾ ನೀಮಾಳ ಅಪ್ಪಣೆಯಂತೆ.

ನಾನು ಬಂದ ವರ್ಷದ ಆಗಸ್ಟಿನಲ್ಲಿ ಮೈದಾನಕ್ಕೆ ಹೋಗಿ, ಶಾಲು ಹೊದಿಸುವ ಮೊದಲೇ ಮೈಕು ಹಿಡಿದು ಹೇಳಿದೆ: “ಮಹಾಜನರೇ, ನಾನು ಹೋರಾಟಗಾರನಲ್ಲ. ಬೊಂಬು ಹಿಡಿದ ಹುಡುಗ ಅಷ್ಟೇ. ಈ ಶಾಲಿಗೆ ನಾನು ಯೋಗ್ಯನಲ್ಲ.” ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಿರೂಪಣೆ ಮಾಡುತ್ತಿದ್ದವರು ಗದ್ಗದಿತರಾಗಿ, “ನೋಡ್ರಿ, ದೊಡ್ಡವರ ದೊಡ್ಡಗುಣ ಅಂದ್ರ ಇದು!” ಎಂದು ನನಗೆ ಎರಡು ಶಾಲು ಹೊದಿಸಿದರು. ಹಡಗಲಿಯಿಂದ ತರಿಸಿದ ಮಲ್ಲಿಗೆ ಹಾರವನ್ನೂ ಹಾಕಿದರು. ಮರುವರ್ಷ ಹೇಳಿದರೂ ಅದೇ ಆಯಿತು. ಸುಳ್ಳು ಹೇಳಲು ಒಂದು ಸಲ ಬಾಯಿ ತೆರೆದರೆ ಸಾಕಾಗಿತ್ತು. ನಿಜವನ್ನು ಎಷ್ಟು ಸಲ ಹೇಳಿದರೂ ಯಾರೂ ಕಿವಿಯೊಳಗೆ ಇಳಿಸಿಕೊಳ್ಳುವುದಿಲ್ಲ.

ಮೊನ್ನೆ ಜಯಂತಿಭಾಯಿ ಫೋನು ಮಾಡಿದ್ದರು. ಮ್ಝೆ ಯೋನಾ ನನ್ನನ್ನು ಕೇಳಿದರಂತೆ, ಇನ್ನೂ ಕುಳಿತಿದ್ದಾನೋ ಎದ್ದನೋ ಎಂದು.

ಹಾಗಾಗಿ ಈ ಆಗಸ್ಟಿನಲ್ಲಿ ನಾನು ಮಾತಾಡಲಿಲ್ಲ. ಧ್ವಜಕ್ಕೆ ವಂದಿಸಿ, ಮುಂದಿನ ಸಾಲಿಗೆ ಹೋಗಿ, ನನ್ನದೆನ್ನುವ ಕುರ್ಚಿಯನ್ನು ಎತ್ತಿ ತಲೆಯ ಮೇಲಿಟ್ಟುಕೊಂಡು ಹೊರಟೆ. “ಅಜ್ಜಾರ, ಎಲ್ಲಿಗ್ರಿ?” ಎಂದು ಯಾರೋ ಕೂಗಿದರು. ನೆರಳಿಗೆ ಒಯ್ಯುತ್ತಿರಬೇಕು ಎಂದು ಇನ್ಯಾರೋ ಸಮಾಧಾನ ಹೇಳಿದರು. ರಸ್ತೆ ದಾಟಿ ದಾದಾಪೀರನ ಶೆಡ್ಡಿನಲ್ಲಿ ಇಳಿಸಿದೆ. ಅವನು ಅದನ್ನು ಅಲ್ಲಾಡಿಸಿ, ಕಾಲು ತಟ್ಟಿ ನೋಡಿದ.

“ಗಟ್ಟಿ ಐತ್ರಿ. ಆದ್ರ ಒಂದರ ಮ್ಯಾಲೆ ಮಿಷನ್ ನಿಂದ್ರಂಗಿಲ್ಲ ಕೊಟ್ರಣ್ಣ.”

ಕುರ್ಚಿ ಕಾಣೆಯಾಗಿದೆ ಎಂದು ಹುಡುಕುತ್ತಿರುವ ಸಮಿತಿಯವರು ಈ ಬರಹ ಓದಿದರೆ ಶೆಡ್ಡಿಗೆ ಬಂದು ನೋಡಬಹುದು. ಮುಂದಿನ ಸಾಲಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹಿರಿಯರಲ್ಲಿ ನನ್ನದೊಂದು ವಿನಂತಿ: ತಾವೂ ಒಮ್ಮೆ ಯೋಚಿಸಿ. ನಮಗೆ ಇನ್ನೊಂದು ಬೇಕಾಗಿದೆ.